ಬಿಡಿ ಅಕ್ಷರ

ಕುಪ್ಪೇಲೂರಿನಿಂದ ರಾಣೆಬೆನ್ನೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ಬೇನಜೀರ ದಿನಚರಿ ಬರೆಯುತ್ತಿದ್ದಳು. ಆ ದಿನ ಎರಡೇ ಸಾಲು ಬರೆದು, ಪಕ್ಕದವರು ಇಣುಕಿಯಾರೆಂದು ಅಂಗೈ ಅಡ್ಡ ಹಿಡಿದಳು: ‘ನನಗೆ ಉರ್ದು ಓದಲು ಬರುವುದಿಲ್ಲ. ನಿನ್ನೆ ಬರುತ್ತದೆ ಅಂದುಬಿಟ್ಟೆ.’

ಮನೆಯಲ್ಲಿ ಆಡುವ ಮಾತು ಉರ್ದುವೇ. ಆದರೆ ಶಾಲೆ ಕನ್ನಡದ್ದು, ಬಿ.ಎ. ಕೂಡ ಕನ್ನಡದ್ದೇ. ಚಿಕ್ಕಂದಿನಲ್ಲಿ ಓಣಿಯ ರಹಿಮತಬಿಯ ಹತ್ತಿರ ಅಲಿಫ್, ಬೆ ಕಲಿಯಲು ಹೋಗಿದ್ದಳು. ಬಿಡಿ ಅಕ್ಷರಗಳ ಪಾಠ ಮುಗಿದಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸುವ ಪಾಠ ಶುರುವಾಗುವ ಹೊತ್ತಿಗೆ ಆ ಮುದುಕಿ ಮಗಳ ಊರಿಗೆ ಹೋಗಿಬಿಟ್ಟಳು. ಬೇನಜೀರಳ ಓದೂ ಅಲ್ಲಿಗೇ ನಿಂತಿತು.

ಅವಳು ಕೆಲಸಕ್ಕಿದ್ದದ್ದು ಪ್ರೇಮಕುಮಾರನ ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆಯೇ ಅಲ್ಲಿನ ಮುಖ್ಯ ಕೆಲಸ. ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್ ಕನ್ನಡ, ಇಂಗ್ಲಿಷ್ ಅಷ್ಟೇ ಬಲ್ಲದ್ದು. ಉರ್ದು ಬೇಕಾದಾಗ ಬ್ಯಾಡಗಿಯ ಅಬ್ದುಲರಜಾಕ ಚಾಚಾ ಬಂದು, ಬಿದಿರಿನ ಲೇಖನಿಯಿಂದ ಬಟರ್ ಪೇಪರಿನ ಮೇಲೆ ಬರೆದುಕೊಡುತ್ತಿದ್ದರು. ಅದನ್ನು ಸ್ಕ್ಯಾನ್ ಮಾಡಿ ಪತ್ರಿಕೆಯಲ್ಲಿ ಕೂಡಿಸುವುದು ಬೇನಜೀರಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಸುತ್ತಲಿನ ನಿಕಾಹ್ ಪತ್ರಿಕೆಗಳಲ್ಲಿ ಅವರದೇ ಕೈಬರಹ.

ಆ ಸಾಫ್ಟ್‌ವೇರಿಗೆ ಉರ್ದುವಿನ ಭಾಗವನ್ನು ಬಿಡಿಯಾಗಿ ಮಾರುತ್ತಾರೆ, ಕೊಂಡು ಕೂಡಿಸಿಕೊಂಡರೆ ಆಯಿತು ಎಂದು ಹಿಂದಿನ ದಿನವಷ್ಟೇ ಒಬ್ಬ ಏಜೆಂಟ ಪ್ರೇಮಕುಮಾರನ ತಲೆಯಲ್ಲಿ ತುಂಬಿದ್ದ. ಪ್ರೇಮಕುಮಾರ ಅವಳ ಕಡೆ ತಿರುಗಿ, “ತಂಗಿ, ನಿನಗ ಬರತೈತಲ್ಲ? ನಿಮ್ಮ ಮನಿ ಭಾಷಾ” ಅಂದ. ಬರುವುದಿಲ್ಲ ಅಂದರೆ ಇದೆಂಥಾ ಹುಡುಗಿ ಅಂದಾನು ಎಂದು ಅವಳಿಗೆ ನಾಚಿಕೆಯಾಯಿತು. “ಬರತೈತ್ರಿ” ಅಂದಳು. ಅಲ್ಲೇ ಕುಳಿತಿದ್ದ ಚಾಚಾ ಲೇಖನಿಯನ್ನು ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕಿಕೊಂಡರು. ಹೊರಡುವಾಗ, ತೊಡಕಾದರೆ ಕೇಳು ಬೇಟಿ, ಕೂತು ಕಲಿಸುತ್ತೇನೆ ಅಂದಿದ್ದರು. ಅದಕ್ಕೂ ಅವಳು ಬರತೈತ್ರಿ ಅಂದಿದ್ದಳು.

ವಾರದೊಳಗೆ ಉಗುರಿನಷ್ಟು ದೊಡ್ಡ ಕೀಲಿಯೊಂದು ಬಂತು. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಉರ್ದು. ಇಂಗ್ಲಿಷಿನಲ್ಲಿ ಸದ್ದಿಗೆ ತಕ್ಕಂತೆ ಒತ್ತುತ್ತ ಹೋದರೆ ಅಕ್ಷರಗಳು ತಾವಾಗಿಯೇ ಒಂದರ ತೋಳು ಒಂದು ಹಿಡಿದು ಬಲದಿಂದ ಎಡಕ್ಕೆ ಹರಿಯುತ್ತಿದ್ದವು. ಒಕ್ಕಣೆಯ ಮಾದರಿಗಳೂ ಜತೆಗೇ ಬಂದಿದ್ದವು. ಹೆಸರು, ತಾರೀಖು ಬದಲಿಸಿದರೆ ಸಾಕು. ಪರದೆಯ ಮೇಲೆ ಅದು ಚಂದ ಕಾಣುತ್ತಿತ್ತು. ಅವಳಿಗೆ ಒಂದು ಪದವೂ ಓದಲು ಬರುತ್ತಿರಲಿಲ್ಲ.

ಮೊದಲು ಬಂದದ್ದು ಬ್ಯಾಡಗಿಯ ಮುಮ್ತಾಜಬಿಯ ಮಗ ಫಿರೋಜನ ಪತ್ರಿಕೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಅಚ್ಚಿಗೆ ಪ್ಲೇಟ್ ಮಾಡಿಕೊಡುವ ಹಾವೇರಿಯ ಮೈಲೇಶನಿಗೆ ಕಳಿಸಿದಳು. ಅವನ ಕಂಪ್ಯೂಟರಿನಲ್ಲಿಯೂ ಅದೇ ಸಾಫ್ಟ್‌ವೇರ್ ಇತ್ತು. ಉರ್ದುವಿನ ಬಿಡಿ ಭಾಗ ಇರಲಿಲ್ಲ, ಕೀಲಿಯಂತೂ ರಾಣೆಬೆನ್ನೂರಿನಲ್ಲಿತ್ತು. ಇಂಥದೊಂದು ಭಾಗ ಇಲ್ಲ, ಆದರೂ ತೆರೆಯಲೇ ಎಂದು ಪರದೆ ಕೇಳಿತಂತೆ. ಅವನು ಹೂಂ ಒತ್ತಿದ. ಆದರೂ ಒಮ್ಮೆ ಕೇಳೋಣವೆಂದು ಕರಡು ಅಚ್ಚಿನ ಫೋಟೋ ಕಳಿಸಿ ಅವಳಿಗೆ ಫೋನ್ ಮಾಡಿದ. “ಅಕ್ಕಾರ, ಅಕ್ಷರ ಯಾಕೋ ಬಿಡಿ ಬಿಡಿ ಕಾಣಾಕತ್ತಾವ. ಸರಿ ಐತೇನ ನೋಡಿ ಹೇಳ್ರಿ.”

ಬೇನಜೀರ ಫೋಟೋ ನೋಡಿದಳು. ಎದೆ ಹಗುರಾಯಿತು. ಫೆ, ಯೆ, ರೆ, ವಾವ್, ಜೆ: ರಹಿಮತಬಿಯ ಅಂಗಳದಲ್ಲಿ ಕಡ್ಡಿಯಿಂದ ತಿದ್ದಿದ ಅಕ್ಷರಗಳು ಒಂದೊಂದಾಗಿ, ಬೇರೆ ಬೇರೆಯಾಗಿ, ಕನ್ನಡದಂತೆ ಎಡಗಡೆಯಿಂದ ಸಾಲಾಗಿ ನಿಂತಿದ್ದವು. ಫಿ-ರೋ-ಜ್. ಮೊಟ್ಟಮೊದಲ ಸಲ ಅವಳಿಗೆ ಉರ್ದು ಓದಲು ಬಂದಿತ್ತು. ಆ ಖುಷಿಯಲ್ಲಿ, ಉರ್ದು ಬಲದಿಂದ ಎಡಕ್ಕೆ ಎಂಬುದೇ ನೆನಪಾಗಲಿಲ್ಲ. “ಸರಿ ಐತಿ. ಹಾಕ್ರಿ” ಅಂದಳು, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ. ಮರುದಿನ ಬಸ್ಸಿನಲ್ಲಿ ದಿನಚರಿಯ ತುಂಬ ಅದನ್ನೇ ಬರೆದಳು.

ನಾನೂರು ಪತ್ರಿಕೆ ಅಚ್ಚಾಗಿ ಬ್ಯಾಡಗಿ ಮುಟ್ಟಿದವು. ಅಲ್ಲಿ ಓದಬಲ್ಲವರು ಓದುವಂತೆ ಬಲಗಡೆಯಿಂದ ಓದಿದರು. ಮದುಮಗ ಫಿರೋಜ್ ಅವರ ಬಾಯಲ್ಲಿ ಜೋರಿಫ್ ಆದ. ಗೆಳೆಯರು ಅವನನ್ನು ಹಾಗೇ ಕರೆಯತೊಡಗಿದರು. ಮುಮ್ತಾಜಬಿ ಮಾತ್ರ ನಗಲಿಲ್ಲ. ಪತ್ರಿಕೆಯ ಗಂಟನ್ನು ತಂದು ಪ್ರೆಸ್ಸಿನ ಟೇಬಲ್ಲಿನ ಮೇಲಿಟ್ಟು, ಮಗನ ಹೆಸರು ಹಿಂದುಮುಂದಾದ ಪತ್ರಿಕೆ ಹಂಚಲಾರೆ, ಅಬ್ದುಲರಜಾಕರೇ ಬರೆದುಕೊಡಲಿ ಎಂದು ಎದ್ದುಹೋದಳು.

ಪ್ರೇಮಕುಮಾರ ಫೋನಿನಲ್ಲೇ ಮೈಲೇಶನ ಮೇಲೆ ಹರಿಹಾಯ್ದ. ಫೋಟೋ ಕಳಿಸಿದ್ದೆ, ಸರಿ ಐತಿ ಅಂದರು ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. “ನಮ್ಮ ಹುಡುಗಿ ಇದನ್ನ ಸರಿ ಅಂತಾಳೇನಲೇ? ಅಕಿಗೆ ಓದಾಕ ಬರೂದಿಲ್ಲೇನು? ಬ್ಯಾರೆ ಫೋಟೋ ಕಳಿಸಿರಬೇಕ ನೀ.” ಆಮೇಲೆ ಅವಳತ್ತ ನೋಡಿದ. ಅವಳು ನೆಲ ನೋಡುತ್ತ ನಿಂತಳು. ಬೇರೆ ಫೋಟೋ ಬಂದದ್ದು ಹೌದೆಂದೇ ಅವನು ತಿಳಿದುಕೊಂಡ. ಅವಳು ತಿದ್ದಲಿಲ್ಲ. ಮೈಲೇಶನ ಮನೆ ನಡೆಯುವುದು ಇಂಥ ನಾಲ್ಕು ಪ್ರೆಸ್ಸಿನ ಕೆಲಸದಿಂದ ಎಂಬುದು ಅವಳಿಗೆ ಗೊತ್ತಿತ್ತು. ಆ ಸಂಜೆ ದಿನಚರಿ ತೆರೆದರೂ ಪುಟದಲ್ಲಿ ಒಂದು ಅಕ್ಷರವೂ ಮೂಡಲಿಲ್ಲ.

ಮರುದಿನ ಪ್ರೇಮಕುಮಾರ ಅವಳನ್ನೂ ಕರೆದುಕೊಂಡು ಬ್ಯಾಡಗಿಗೆ ಹೋದ. ಚಾಚಾರ ಓಣಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮಿದರು. ಚಾಚಾ ಏನನ್ನೂ ಕೆದಕಲಿಲ್ಲ. ಕೆಟ್ಟ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಪಾಪ, ಎಲ್ಲಾರೂ ಒಬ್ಬರ ಕೈ ಒಬ್ಬರು ಬಿಟ್ಟಾರ” ಅಂದು ಡಬ್ಬಿ ತೆಗೆದರು. ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆಯತೊಡಗಿದರು. ಬೇನಜೀರ ಮೊದಲ ಸಲ ಅವರ ಬೆರಳುಗಳನ್ನು ನೋಡಿದಳು. ಇದೇ ಕೈ ಅವಳಿಗೆ ಕಲಿಸುತ್ತೇನೆ ಅಂದಿತ್ತು. ಒಂದು ತಿಂಗಳು ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಹೊಸ್ತಿಲ ಹತ್ತಿರ ನಿಂತಿದ್ದ ಪ್ರೇಮಕುಮಾರನಿಗೆ ಫೋನ್ ಬಂತು. ಅತ್ತಕಡೆ ಮೈಲೇಶ. ಇವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಾಡಿದ ತಪ್ಪು ಒಪ್ಪದವನಿಗೆ ನಮ್ಮ ಪ್ಲೇಟಿನ ಕೆಲಸ ಇನ್ನು ಮೇಲೆ ಇಲ್ಲ ಎಂದು ಪ್ರೇಮಕುಮಾರ ಹೇಳುತ್ತಿದ್ದ.

ಚಾಚಾ ಬರೆದು ಮುಗಿಸಿ, ಊದಿ ಒಣಗಿಸಿ, ಹಾಳೆಯನ್ನು ಅವಳ ಮುಂದೆ ಹಿಡಿದರು. “ಜೋರಲೆ ಓದು ಬೇಟಿ. ನನ್ನ ಕಣ್ಣು ಮೊದಲಿನಂಗ ಇಲ್ಲ. ನೀ ಓದಿ ಸರಿ ಐತಿ ಅಂದ್ರ ಮುಗೀತು.”

ಹಾಳೆಯ ಮೇಲೆ ಅಕ್ಷರಗಳೆಲ್ಲ ಮತ್ತೆ ಕೈ ಕೈ ಹಿಡಿದು ನಿಂತಿದ್ದವು. ಅವುಗಳಲ್ಲಿ ಫಿರೋಜ ಎಲ್ಲಿದ್ದಾನೋ ಅವಳಿಗೆ ತಿಳಿಯಲಿಲ್ಲ. ಹೊಸ್ತಿಲಿಗೆ, ಫೋನಿನ ಆಚೆಗೂ ಕೇಳಲಿ ಎಂದು ಅವಳು ದನಿ ಎತ್ತಿದಳು.

“ಚಾಚಾ, ನನಗ ಉರ್ದು ಓದಾಕ ಬರಂಗಿಲ್ರಿ. ಮೈಲೇಶಣ್ಣ ಕಳಿಸಿದ್ದು ಆ ಕೆಟ್ಟ ಪತ್ರಿಕಿ ಫೋಟೋನ. ಸರಿ ಐತಿ ಅಂದಾಕಿ ನಾನ.”