ಕ್ರಿಸ್ಮಸ್ಸಿನ ನಾಲ್ಕನೆಯ ದಿನ

ಗರಗರ, ಗರಗರ, ಬಸ್ಸಿನ ಹಿಂದೆ ನಿಂತು ಡ್ರೈವರ್ ದಸ್ತಗೀರ್ ಇದ್ದಿಲ ಒಲೆಯ ಗಾಳಿಚಕ್ರ ತಿರುಗಿಸುತ್ತಲೇ ಇದ್ದಾನೆ, ಹೊಗೆ ಕಿಟಕಿಯಿಂದ ಒಳಗೆ ನುಗ್ಗಿ ಎಸ್ತೇರಮ್ಮನ ಗಂಟಲಲ್ಲಿ ಕೂತಿತು, ಯುದ್ಧ ಬಂದಮೇಲೆ ಪೆಟ್ರೋಲೆಲ್ಲ ಮಿಲಿಟರಿಯವರಿಗೆ, ಬಸ್ಸಿಗೆ ಇದ್ದಿಲೇ ಗತಿ, ಮದ್ದೂರಿನಿಂದ ಮಳವಳ್ಳಿ, ಮಳವಳ್ಳಿಯಿಂದ ಬೆಳಕವಾಡಿ, ಈ ಗಾಡಿ ಇವತ್ತು ಮುಟ್ಟಿಸುತ್ತದೋ ಇಲ್ಲವೋ, ಮುಟ್ಟಿಸದಿದ್ದರೂ ಒಳ್ಳೆಯದೇ — ಅಯ್ಯೋ, ಏನು ಯೋಚನೆ ಇದು, ಕರ್ತನ ಭೋಜನದ ಮುಂದೆ ಮೊಣಕಾಲೂರಿ ಕೊಟ್ಟ ಮಾತು, ಇನ್ನೂ ನಾಲ್ಕು ದಿನವಾಗಿಲ್ಲ. ಶನಿವಾರ ಕ್ರಿಸ್ಮಸ್, ಇವತ್ತು ಮಂಗಳವಾರ. ಶನಿವಾರ ಬೆಳಿಗ್ಗೆ ಮಂಡ್ಯದ ದೇವಾಲಯದಲ್ಲಿ ಕೂರಲು ಜಾಗವಿರಲಿಲ್ಲ, ಬಾಗಿಲಿಗೆ ಬಾಳೆಕಂದು, ಬಣ್ಣದ ಕಾಗದದ ಸರ, ಮಕ್ಕಳ ಹೊಸ ಬಟ್ಟೆಯ ಗಂಜಿ ವಾಸನೆ, ಎಲ್ಲರೂ ಎದ್ದು ಹಾಡಿದಾಗ ಹೆಂಚೇ ಹಾರಿಹೋಗುತ್ತದೇನೋ ಅನ್ನುವಂತಿತ್ತು, ಆಮೇಲೆ ಪಾದ್ರಿ ಅಯ್ಯನವರು ರೊಟ್ಟಿ ಮುರಿದು ಅವಳ ಅಂಗೈಯಲ್ಲಿಟ್ಟರು, ಇಟ್ಟದ್ದೇ ತಡ ಎದೆಯಲ್ಲಿ ಏನೋ ಬಿಸಿಯಾಗಿ ಹರಿಯಿತು, ಕಣ್ಣೀರು ಗಲ್ಲದ ಮೇಲಿಂದ ಸೆರಗಿಗಿಳಿಯಿತು, ಇಷ್ಟು ವರ್ಷದಲ್ಲಿ ದೇವರು ಅಷ್ಟು ಹತ್ತಿರ ಬಂದದ್ದಿಲ್ಲ, ಹತ್ತಿರ ಅಂದರೆ ಪಕ್ಕದ ಚಾಪೆಯಷ್ಟು ಹತ್ತಿರ, ಹೋಗ್ತೀನಿ ಸ್ವಾಮಿ ಅಂದುಬಿಟ್ಟಳು, ಅವ್ವನ ಹತ್ತಿರ ಹೋಗ್ತೀನಿ, ತಮ್ಮನನ್ನೂ ಕ್ಷಮಿಸಿದ್ದೀನಿ. ನಿಜವಾಗಿಯೂ ಕ್ಷಮಿಸಿದ್ದಳು. ಮಧ್ಯಾಹ್ನದ ಊಟದ ತನಕ.

ಆಮೇಲೆ ಪಾತ್ರೆ. ಇನ್ನೂರು ಜನ ಉಂಡ ಮೇಲೆ ಪಾತ್ರೆ ಎಷ್ಟಾಗುತ್ತದೆ, ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳನ್ನೆತ್ತಿಕೊಂಡು ಮನೆಗೆ ಹೊರಟರು, ಕೊನೆಗೆ ಕೊಳಗದ ತಳ ತಿಕ್ಕಲು ಉಳಿದವಳು ಅವಳೇ, ಎಸ್ತೇರಮ್ಮನಿಗೇನು, ಗಂಡನೇ ಮಕ್ಕಳೇ. ಭಾನುವಾರದ ಆರಾಧನೆಗೆ ಹದಿನಾಲ್ಕು ಜನ, ಅದರಲ್ಲಿ ಐವರಿಗೆ ತೂಕಡಿಕೆ, ಬಾಳೆಕಂದಿನ ಎಲೆ ಆಗಲೇ ಬಾಡಿ ಜೋತುಬಿದ್ದಿತ್ತು. ಸೋಮವಾರ ಆಸ್ಪತ್ರೆಯಲ್ಲಿ ಎಂದಿನ ಕೆಲಸ, ಕೀವು, ಗಾಯದ ಬಟ್ಟೆ, ಹಾಸಿಗೆ ಒದ್ದೆ ಮಾಡಿದ ಮುದುಕನ ಬೈಗುಳ, ಮಧ್ಯೆ ಬಿಡುವು ಸಿಕ್ಕಾಗ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಳು, ಬಂದದ್ದು ಸೊಂಟದ ನೋವು, ಅಷ್ಟೇ, ಪಕ್ಕದ ಚಾಪೆ ಖಾಲಿ. ಎಲ್ಲಿಗೆ ಹೋದೆ ಸ್ವಾಮಿ ಅಂತ ಕೇಳುವುದಕ್ಕೂ ಬೇಜಾರು. ಸಂಜೆ ಅಯ್ಯನವರ ಮನೆಗೆ ಹೋಗಿ ಹೇಳಿಕೊಂಡಳು, ಅಯ್ಯನವರೇ, ಮೊನ್ನೆ ಇದ್ದದ್ದು ಇವತ್ತಿಲ್ಲ, ನನ್ನಲ್ಲಿ ಏನು ತಪ್ಪಾಯಿತು. ಅವರು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುತ್ತಿದ್ದರು, ಐದು ಊರಿನಲ್ಲಿ ಪ್ರಸಂಗ ಮಾಡಿ ದನಿಯೇ ಸತ್ತಿತ್ತು, ತಪ್ಪೇನಿಲ್ಲಮ್ಮ, ಬೆಳಿಗ್ಗೆ ವಾಕ್ಯ ಓದೋದು ಬಿಡಬೇಡ, ಹೊಸ ವರ್ಷದ ಪ್ರಾರ್ಥನೆಗೆ ತಪ್ಪದೆ ಬಾ ಅಂದರು, ಆಮೇಲೆ ಲೋಟ ಕೆಳಗಿಟ್ಟು ನೆಲ ನೋಡುತ್ತಾ ಪಿಸುದನಿಯಲ್ಲಿ, ನನಗೂ ಹಾಗೇ ಆಗುತ್ತಮ್ಮ, ಪ್ರತಿವರ್ಷ, ಅಂದುಬಿಟ್ಟರು. ಅದನ್ನು ಅವರು ಹೇಳದಿದ್ದರೆ ಚೆನ್ನಾಗಿತ್ತು. ಅಥವಾ ಹೇಳಿದ್ದೇ ಒಳ್ಳೆಯದಾಯಿತೋ. ಮಾತು ಕೊಟ್ಟಿದ್ದೀಯಲ್ಲ, ಹೋಗಿ ಬಾ, ಮನಸ್ಸು ಬಂದಾಗ ಹೋಗ್ತೀನಿ ಅಂತ ಕೂರಬೇಡ, ಅಂತಲೂ ಅಂದರು.

ಬಸ್ಸು ಹೊರಟಿತು, ಹೊರಟದ್ದು ಗೊತ್ತಾದದ್ದು ಪಕ್ಕದ ಹೆಂಗಸಿನ ಬುಟ್ಟಿ ಅವಳ ಮೊಣಕಾಲಿಗೆ ಬಡಿದಾಗ, ಕಬ್ಬಿನ ಗಾಡಿಗಳು ಸಾಲುಸಾಲಾಗಿ ಎದುರು ಬರುತ್ತಿವೆ, ಗದ್ದೆಗಳೆಲ್ಲ ಕೊಯ್ಲಾಗಿ ಬರಿ ಕೂಳೆ, ಮೇಲೆ ಕೊಕ್ಕರೆ ಬೆಳ್ಳೂರಿನ ಕಡೆಗೆ ಒಂದು ಸಾಲು ಹಕ್ಕಿ, ಬಂದ್ವು ನೋಡು ತವರಿಗೆ ಅಂತ ಬುಟ್ಟಿಯ ಹೆಂಗಸು ಮಗುವಿಗೆ ತೋರಿಸುತ್ತಿದ್ದಾಳೆ. ತವರು. ಅವಳಿಗೂ ಇತ್ತು ಒಂದು, ಬೆಳಕವಾಡಿಯಲ್ಲಿ, ಆಗ ಅವಳು ಎಸ್ತೇರಮ್ಮನಲ್ಲ, ಹೊಂಬಾಳಮ್ಮ, ಹದಿನಾಲ್ಕಕ್ಕೇ ಗಂಡ ಸತ್ತು ಅಪ್ಪನ ಮನೆಗೆ ವಾಪಸಾದ ಹೊಂಬಾಳಿ, ಆಮೇಲೆ ಆ ದೊಡ್ಡ ಜ್ವರದ ವರ್ಷ ಬಂತು, ಹದಿನೆಂಟನೇ ಇಸವಿ, ಊರಲ್ಲಿ ಹೆಣ ಹೊರುವವರಿಲ್ಲದ ಕಾಲ, ಅಪ್ಪ ಅವಳನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ಮೈಸೂರಿನ ಮಿಷನ್ ಆಸ್ಪತ್ರೆಗೆ ತಂದು ಬಿಟ್ಟ, ಬದುಕಿದರೆ ಬದುಕಲಿ ಅಂತ. ಬದುಕಿದಳು. ಅಲ್ಲೇ ಅಕ್ಷರ ಕಲಿತಳು, ಬ್ಯಾಂಡೇಜು ಕಟ್ಟಲು ಕಲಿತಳು, ಪ್ರಾರ್ಥನೆ ಕಲಿತಳು, ಕರೆದೊಯ್ಯಲು ಅಪ್ಪ ಬಂದಾಗ ಬರಲ್ಲ ಅಂದಳು, ಅಪ್ಪ ಜಗಲಿಯ ಮೇಲೆ ಸಂಜೆಯವರೆಗೆ ಕೂತಿದ್ದು ಎದ್ದುಹೋದ, ತಿರುಗಿ ನೋಡಲಿಲ್ಲ, ಅವಳೂ ಕರೆಯಲಿಲ್ಲ. ಯಾರದು ತಪ್ಪು ಅಂತ ಇಪ್ಪತ್ತೈದು ವರ್ಷದಿಂದ ಯೋಚಿಸುತ್ತಿದ್ದಾಳೆ, ಇಬ್ಬರದೂ ಅಲ್ಲ, ಅಥವಾ ಇಬ್ಬರದೂ ಹೌದು. ಅಪ್ಪ ಸತ್ತ ಸುದ್ದಿ ಕೇಳಿ ಓಡಿಬಂದಾಗ ತಮ್ಮ ಶಿವಣ್ಣ ಬೀದಿಯಲ್ಲೇ ತಡೆದ, ಮೀಸೆ ಮೂಡಿದ್ದ ಗಂಡಸು, ಸೊಂಟದ ಮೇಲೆ ಎತ್ತಿ ಆಡಿಸಿದ ಹುಡುಗನೇ ಅವನು, ನೀನ್ ನಮ್ಗೆ ಯಾವತ್ತೋ ಸತ್ತೋದೆ, ಅಪ್ಪನ್ ಮೈ ಮುಟ್ಬ್ಯಾಡ, ಅಂದ, ಊರೆಲ್ಲ ನೋಡುತ್ತಿತ್ತು. ಅಪ್ಪನ ಮುಖ ನೋಡಲಿಲ್ಲ. ಹನ್ನೊಂದು ವರ್ಷ. ಹೋದ ತಿಂಗಳು ಬೆಳಕವಾಡಿಯ ಲಿಂಗಯ್ಯ ಕೈ ಮುರಿದುಕೊಂಡು ಆಸ್ಪತ್ರೆಗೆ ಬಂದವನು ಅವಳ ಗುರುತು ಹಿಡಿದು, ನಿಮ್ಮವ್ವ ಚಿಕ್ಕಬೋರಮ್ಮಂಗೆ ಎಲ್ಡೂ ಕಣ್ ಓಗವೆ ಕಣಮ್ಮ, ಎದ್ದು ಓಡಾಡಾಕಿಲ್ಲ, ಅಂದ, ಅಂದಿನಿಂದ ಹೋಗಬೇಕು ಹೋಗಬೇಕು ಅಂತ —

ಬಸ್ಸು ನಿಂತಿತು. ಮಳವಳ್ಳಿಗೆ ಇನ್ನೂ ಎರಡು ಮೈಲಿ ಇರುವಾಗ ಏರು ಹತ್ತಲಾರದೆ ಉಸಿರು ಬಿಟ್ಟು ನಿಂತಿತು, ಗಂಡಸರೆಲ್ಲ ಇಳಿದು ತಳ್ಳಿದರು, ಜಗ್ಗಲಿಲ್ಲ, ದಸ್ತಗೀರ್ ಒಲೆಯ ಬೂದಿ ಕೆರೆದು, ಹೊಸ ಇದ್ದಿಲು ತುಂಬಿ, ಮತ್ತೆ ಗರಗರ. ಅಷ್ಟರಲ್ಲಿ ಎದುರಿನಿಂದ ಮದ್ದೂರಿನ ಕಡೆಯ ಬಸ್ಸು ಬಂದು ಪಕ್ಕದಲ್ಲೇ ನಿಂತಿತು, ಅಮ್ಮಾ, ಇದು ಯಾವಾಗ ಹೊತ್ತಿಕೊಳ್ಳುತ್ತೋ ಅಲ್ಲಾನೇ ಬಲ್ಲ, ವಾಪಸ್ ಹೋಗೋದಾದ್ರೆ ಅದ್ರಲ್ಲಿ ಹತ್ಬಿಡಿ, ಅಂದ ದಸ್ತಗೀರ್, ಮಸಿ ಮುಖದಲ್ಲಿ ಕಣ್ಣು ಮಾತ್ರ ಬಿಳುಪು. ಹತ್ತಿಬಿಟ್ಟರೆ ಮಧ್ಯಾಹ್ನದ ರೈಲು ಸಿಗುತ್ತದೆ, ಸಂಜೆಗೆ ತನ್ನ ಕೋಣೆ, ತನ್ನ ಚಾಪೆ, ಬಸ್ಸು ಕೆಟ್ಟಿತು ಸ್ವಾಮಿ ಅಂದರೆ ಸುಳ್ಳೇನೂ ಅಲ್ಲ. ಚೀಲ ತೊಡೆಯ ಮೇಲೆಳೆದುಕೊಂಡಳು. ಎದೆಯಲ್ಲಿ ಹುಡುಕಿದಳು, ಶನಿವಾರದ ಬಿಸಿ ಎಲ್ಲಾದರೂ ಒಂದು ಚೂರು ಉಳಿದಿದೆಯೋ, ಅವ್ವನ ಮೇಲಿನ ಮರುಕವಾದರೂ, ಏನೂ ಇಲ್ಲ, ಹಸಿವು ಇತ್ತು, ಹೊಗೆ ಇತ್ತು. ಎದುರು ಬಸ್ಸಿನವನು ಹಾರ್ನ್ ಹೊಡೆದ, ಬತ್ತೀರೇನಮ್ಮ. ಏಳಬೇಕು, ಇಳಿಯಬೇಕು, ದಾಟಬೇಕು, ಮತ್ತೆ ಹತ್ತಬೇಕು — ಅದಕ್ಕೂ ಕಸುವು ಬೇಕಲ್ಲ. ಕೂತೇ ಇದ್ದಳು. ಆ ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಇದನ್ನು ಅಯ್ಯನವರು ಕೇಳಿದರೆ ಕರ್ತನೇ ನಿನ್ನನ್ನು ತಡೆದ ಅಂದಾರು, ತಡೆದದ್ದು ಸೊಂಟ, ಎಸ್ತೇರಮ್ಮನಿಗೆ ಗೊತ್ತು, ಒಂದು ಗಳಿಗೆ ನಗು ಬಂತು, ಅದೂ ಅರ್ಧಕ್ಕೇ ನಿಂತಿತು.

ಬೆಳಕವಾಡಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು, ಕಾಲು ತಾನಾಗಿಯೇ ದಾರಿ ಹಿಡಿಯಿತು, ಬಿಳಿ ಸೀರೆ ನೋಡಿ ನಾಯಿ ಬೊಗಳಿತು, ಮಿಸನ್ನಮ್ಮ ಬಂದವ್ಳೆ ಕಣ್ಲಾ ಅಂತ ಯಾರೋ ಜಗಲಿಯಿಂದ ಅಂದರು, ಹನ್ನೊಂದು ವರ್ಷದ ಹಿಂದೆ ಶಿವಣ್ಣ ತಡೆದ ಜಾಗ ಇದೇ, ಇಲ್ಲೇ, ಸಿಟ್ಟು, ಅದೇ ಹಳೆಯ ಸಿಟ್ಟು, ಒಂದು ಗೀರೂ ಮಾಸದೆ ಎದ್ದು ಬಂತು, ಹಾಗಾದರೆ ಶನಿವಾರ ಕ್ಷಮಿಸಿದ್ದು ಯಾರನ್ನು. ಬಾಗಿಲಲ್ಲಿ ತಮ್ಮನ ಹೆಂಡತಿ ಮಾಯಮ್ಮ ಮೊರದಲ್ಲಿ ಭತ್ತ ಕೇರುತ್ತಿದ್ದಳು, ನೋಡಿ ಎದ್ದು ನಿಂತಳು, ಮೊರ ಕೈಯಲ್ಲೇ, ಅಕ್ಕಾ, ಅವ್ರು ಕಣದಲ್ಲವ್ರೆ, ಬನ್ನಿ, ಒಳೀಕ್ ಬನ್ನಿ, ಅಂದವಳು ಬೀದಿಯ ಎರಡೂ ಕಡೆ ನೋಡಿದಳು. ಒಳಗೆ ಕತ್ತಲು, ಮೂಲೆಯಲ್ಲಿ ಕಂಬಳಿ, ಕಂಬಳಿಯೊಳಗೆ ಹಿಡಿಯಷ್ಟು ಅವ್ವ. ಯಾರದು. ನಾನು ಕಣವ್ವ, ಹೊಂಬಾಳಿ. ಮುದುಕಿ ಮುಖ ಎತ್ತಿದಳು, ಕಣ್ಣಲ್ಲಿ ಹಾಲಿನಂಥ ಪೊರೆ, ಒಂಬಾಳಿಯಾ ಅಂದಳು, ಅಷ್ಟೇ, ಅಳಲಿಲ್ಲ, ಬೈಯಲಿಲ್ಲ, ಎಸ್ತೇರಮ್ಮ ಚೀಲದಿಂದ ಕ್ರಿಸ್ಮಸ್ಸಿನ ಬೆಲ್ಲದ ರೊಟ್ಟಿ ತೆಗೆದಳು, ತಿನ್ನವ್ವ, ಮೈದಾ ಸಿಗಲಿಲ್ಲ, ರಾಗಿ ಹಿಟ್ಟಲ್ಲೇ ಮಾಡಿದ್ದು. ನಿನ್ ಕೈದು ಬಾಯ್ಗೆ ಬ್ಯಾಡ ಕಣೆ, ನೀರೂ ಬ್ಯಾಡ, ಅಂದಳು ಅವ್ವ, ಬೇಸರವಿಲ್ಲದೆ, ಇವತ್ತು ಮಜ್ಜಿಗೆ ಬೇಡ ಅನ್ನುವ ಹಾಗೆ. ಆಯಿತು. ಇಷ್ಟಕ್ಕೇನೇ ಬಂದದ್ದು. ಎದ್ದುಬಿಡಲೇ ಅಂದುಕೊಂಡಳು. ಆಗ ಕಂಬಳಿಯೊಳಗಿಂದ ಒಂದು ಕಾಲು ಹೊರಗೆ ಬಂತು, ಉಗುರ್ ಬೆಳ್ದು ಕಂಬ್ಳಿಗ್ ಸಿಗಾಕೊಳ್ತದೆ, ಇವ್ರ್ ಯಾರ್ಗೂ ಪುರುಸೊತ್ತಿಲ್ಲ, ನಂಗ್ ಕಣ್ಣಿಲ್ಲ, ನೀನ್ ಆಸ್ಪತ್ರೇಲಿ ಇದೇ ಅಲ್ವಾ ಮಾಡಾದು, ಕುಯ್ಯಿ. ಬಾಯ್ಗಲ್ವಲ್ಲ, ಕಾಲ್ಗಲ್ವಾ, ಬುಡು.

ಮಾಯಮ್ಮ ಹಂಡೆಯ ಬಿಸಿನೀರು ತಟ್ಟೆಗೆ ಸುರಿದು ತಂದಳು, ಕಾಲು ನೆನೆಸದೆ ಕತ್ತರಿ ಆಡುವುದಿಲ್ಲ, ಉಗುರೆಂದರೆ ಉಗುರಲ್ಲ ಅದು, ಹೆಬ್ಬೆರಳಿನದು ಮರದ ಚಕ್ಕೆಯಂತೆ ದಪ್ಪವಾಗಿ ಬಾಗಿ ಪಕ್ಕದ ಬೆರಳಿನ ಮಾಂಸಕ್ಕೇ ನಾಟಿದೆ, ಹಿಮ್ಮಡಿಯ ಬಿರುಕಿನಲ್ಲಿ ಗದ್ದೆಯ ಕರಿ ಮಣ್ಣು ಇನ್ನೂ ಇದೆ, ಎಷ್ಟು ವರ್ಷದ್ದೋ. ಉಜ್ಜಿದಳು, ಒರೆಸಿದಳು, ಕಾಲನ್ನು ತನ್ನ ಮಡಿಲಿಗೆಳೆದುಕೊಂಡಳು, ಈಗಲಾದರೂ ಒಂದು ಪ್ರಾರ್ಥನೆ, ಒಂದು ಕೀರ್ತನೆ, ಬಾಯಿಪಾಠ ಬರುವುದೇ, ತುಟಿಯವರೆಗೂ ಬಾರದು, ಬರುತ್ತಿರುವುದೆಲ್ಲ ಕತ್ತರಿಯ ಮೊನೆ ಎಲ್ಲಿಡಬೇಕು, ನೋಯದ ಹಾಗೆ ಹೇಗೆ, ಸ್ವಲ್ಪ ಸ್ವಲ್ಪ, ಕಟ್, ಕಟ್, ಸೊಂಟ ಸಿಡಿಯುತ್ತಿದೆ. ಬೆಳಕಿಗೆ ಏನೋ ಅಡ್ಡ ಬಂತು. ಬಾಗಿಲಲ್ಲಿ ಶಿವಣ್ಣ, ತಲೆಯ ತುಂಬ ಹುಲ್ಲಿನ ಹೊಟ್ಟು, ಮೀಸೆಯಲ್ಲಿ ಆಗಲೇ ಒಂದೆರಡು ನರೆ, ಅವಳ ಕೈ ನಿಂತಿತು. ಅವನು ನೋಡಿದ, ತಾಯಿಯ ಕಾಲನ್ನು, ಅಕ್ಕನ ಬಿಳಿ ಸೀರೆಯ ಮೇಲಿನ ಮಣ್ಣನ್ನು. ನಾಕ್ ಗಂಟೆಗೆ ಬಸ್ಸು ತಿರುಗ್ತದೆ, ಅಂದ. ಕುಂತಿರ್ಲಿ ಬುಡ್ಲಾ ಸಿವಾ, ಇನ್ನೊಂದ್ ಕಾಲದೆ, ಅಂದಳು ಅವ್ವ. ಅವನು ಹೋಗಲಿಲ್ಲ, ಅರ್ಧ ಮುಚ್ಚಿದ್ದ ಇನ್ನೊಂದು ಕದವನ್ನೂ ಗೋಡೆಯವರೆಗೆ ತಳ್ಳಿದ, ಕತ್ಲೇಲಿ ಬೆರಳ್ ಕುಯ್ದ್‌ಬುಟ್ಟೀಯೆ, ಅಂದು ಬೀದಿಯ ಕಡೆ ಮುಖ ಮಾಡಿ, ಕದ ಮರಳದಂತೆ ಬೆನ್ನು ಕೊಟ್ಟು ನಿಂತುಕೊಂಡ. ಬೀದಿಯೆಲ್ಲ ನೋಡುತ್ತಿದ್ದಿರಬೇಕು. ಸಿಟ್ಟು ಹೋಯಿತೇ ಅಂತ ಎದೆಯನ್ನು ಕೇಳಿದಳು, ಹೋಗಿಲ್ಲ, ಇದೆ, ಆದರೆ ಕೈಗೆ ಕೆಲಸವಿದೆ. ಮುಗೀತಾ, ಅಂದಳು ಅವ್ವ. ಒಂದು ಮುಗೀತವ್ವ. ಅಮಾಸೆ ಕಳ್ದ್ ಮ್ಯಾಕೆ ಬಾ, ಇದೇನ್ ಬೆಳೀದೆ ಇದ್ದಾತಾ, ಬತ್ತಾ ಇರು, ಅಂದಳು ಅವ್ವ, ಅಂದು ಇನ್ನೊಂದು ಕಾಲನ್ನು ತಾನೇ ಎತ್ತಿ, ಗಾಳಿಯಲ್ಲಿ ತಡವಿ, ಮಡಿಲು ಹುಡುಕಿ ಇಟ್ಟಳು. ಅಮಾವಾಸ್ಯೆ ಕಳೆದ ಮೇಲೆ, ಮತ್ತೆ ಆ ಹೊಗೆ, ಆ ಬಸ್ಸು, ಆ ಏರು, ಎದೆಯಲ್ಲಿ ಏನೂ ಇಲ್ಲದೆ, ಬಂದಾಳು, ಬರಬೇಕು, ಹೊಸ ವರ್ಷದ ಪ್ರಾರ್ಥನೆಯೂ ಇದೆ, ರಜೆ ಕೊಟ್ಟಾರೋ — ಈ ಕಾಲು ಆ ಕಾಲಿಗಿಂತ ತಣ್ಣಗಿದೆ, ಬಿಸಿಲು ಹಿಮ್ಮಡಿಯ ಮೇಲೆ ಬಿದ್ದಿದೆ, ಬಿರುಕು ಬಿರುಕೂ ಕಾಣುತ್ತಿದೆ, ಅದರ ಭಾರ ಮಡಿಲ ಮೇಲೆ, ಅವ್ವನ ಕಾಲು, ಬೆರಳು ಐದನ್ನೂ ಅಗಲಿಸಿಕೊಂಡು, ಕಾಯುತ್ತಾ.