ನಡುವಿನ ತುಂಡು

ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುವ ಹೆಂಗಸರ ಸಂಘದಲ್ಲಿ ಒಂದು ಮಾತಿತ್ತು: "ಯಾಕೆ ಅಂತ ಕೇಳಬೇಡ." ಯಾರಾದರೂ ಬಂದು, ನಿನ್ನ ಅಮ್ಮನ ಹಳೇ ಬಟ್ಟೆಯಲ್ಲಿ ಅಂಗೈಯಷ್ಟು ಕೊಡು, ಯಾಕೆ ಅಂತ ಕೇಳಬೇಡ ಅಂದರೆ ಈ ಸಲದ ಕೌದಿ ನಿನಗೇ ಎಂದು ಅರ್ಥ. ಆ ತುಂಡು ಕೌದಿಯ ನಟ್ಟನಡುವೆ ಕೂರುತ್ತದೆ. ಕೊಟ್ಟವಳು ಬಾಯಿಗೆ ಬೀಗ ಹಾಕಿಕೊಳ್ಳಬೇಕು. ತಾನು ಒಳಗೆ ಬಂದಾಗ ಉಳಿದವರು ಗಡಿಬಿಡಿಯಲ್ಲಿ ಹೊಲಿಗೆಯ ಮೇಲೆ ಹೊದಿಕೆ ಎಳೆದರೆ, ಕಾಣದವಳ ಹಾಗೆ ಗೋಡೆ ನೋಡಬೇಕು. ಕೊಡುವ ದಿನ ಮಾತ್ರ, ಅಯ್ಯೋ ನನಗಾ ಎಂದು ಎದೆ ಮೇಲೆ ಕೈ ಇಟ್ಟುಕೊಳ್ಳಬೇಕು. ಊರಿಗೆಲ್ಲ ಗೊತ್ತಿದ್ದ ಗುಟ್ಟು. ಆದರೂ ಆ ಹೊತ್ತಿನಲ್ಲಿ ಅತ್ತವರೆಲ್ಲ ನಿಜವಾಗಿಯೇ ಅತ್ತಿದ್ದರು.

ಹೀಗೆ ಸಂಘದಲ್ಲಿ ಎಲ್ಲರಿಗೂ ಒಂದೊಂದು ಕೌದಿ ಬಂದಿತ್ತು. ಬಾರದೆ ಉಳಿದವಳು ಕತ್ತರಿಯಕ್ಕ ಒಬ್ಬಳೇ.

ಅವಳು ದರ್ಜಿ. ಕೊರಳಿಗೆ ಲಾಡಿ ಕಟ್ಟಿ ಕತ್ತರಿ ನೇತುಹಾಕಿಕೊಂಡೇ ಓಡಾಡುವವಳು. ಪ್ರತಿ ಕೌದಿಯ ಬಟ್ಟೆಯನ್ನೂ ಅವಳೇ ಕತ್ತರಿಸಬೇಕು, ಕೊನೆಯ ಗಂಟನ್ನೂ ಎಲ್ಲರೆದುರು ಅವಳೇ ಹಾಕಬೇಕು. ನನ್ನ ಕೈಯಲ್ಲೇ ಕತ್ತರಿಸಿಕೊಂಡು ನನಗೇ ಕೊಟ್ಟರೆ ಗುಟ್ಟು ಎಲ್ಲಿ ಉಳಿಯಿತು ಎಂದು ನಗುತ್ತಿದ್ದಳು. ನಗುತ್ತಿದ್ದಳು ಅಷ್ಟೆ. ಪ್ರತಿ ಸಲ ಗಂಟು ಹಾಕಿ ಎದ್ದಾಗಲೂ ಮುಂದಿನದು ನನ್ನದಿರಬಹುದೇ ಅಂತ ಮನಸ್ಸು ಕೇಳುತ್ತಿತ್ತು. ಬಾಯಿ ಬಿಟ್ಟು ಕೇಳುವ ಜಾತಿಯಲ್ಲ ಅವಳು.

ಬಾಯಿ ಇದ್ದದ್ದು ಅವಳ ಓರಗಿತ್ತಿಗೆ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಂದವರು ಇಬ್ಬರೂ. ಗಂಡಂದಿರು ಹೋದ ಮೇಲೂ ಅದೇ ಮನೆ, ಅದೇ ಅಡುಗೆಮನೆ, ಅದೇ ಜಗಳ. ಕಿರಿಯವಳನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು. ಸಂಘ ಹುಟ್ಟಿದ್ದೂ ಈ ಇಬ್ಬರಿಂದಲೇ. ಮಾತಿನಮಲ್ಲಿ ಚೊಚ್ಚಲ ಬಾಣಂತಿಯಾಗಿ ಮಲಗಿದ್ದಾಗ ಮೂಳೆ ಕೊರೆಯುವ ಚಳಿ. ಕೂಸು ನೀಲಿಗಟ್ಟಿತೆಂದು ಅವಳು ಗೋಳಾಡುತ್ತಿದ್ದರೆ, ಕತ್ತರಿಯಕ್ಕ ಪೆಟ್ಟಿಗೆಯಿಂದ ತನ್ನ ಸತ್ತ ತಾಯಿಯ ಚುಕ್ಕಿ ಬಟ್ಟೆ ತೆಗೆದು ಕತ್ತರಿ ಹಾಕಿದಳು. ತಾಯಿಯದೆಂದು ಅವಳಲ್ಲಿ ಉಳಿದಿದ್ದದ್ದು ಅದೊಂದೇ. ಅಂಗಡಿಯ ಚಿಂದಿ ಸೇರಿಸಿ ಹೊಲಿದು ಕೂಸಿಗೆ ಹೊದಿಸಿದಳು. ಕೂಸು ಬದುಕಿತು. ಬಾಣಂತನ ಮುಗಿದು ಎದ್ದು ಓಡಾಡುವಂತಾದ ಮೇಲೆ ಮಾತಿನಮಲ್ಲಿ ಆ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿ ಹೆಂಗಸರನ್ನು ಕರೆತಂದಳು. ನೀನು ಕತ್ತರಿಸು, ನಾನು ಕರೀತೀನಿ ಎಂಬುದು ಇಬ್ಬರ ನಡುವಿನ ಒಪ್ಪಂದ. ಅವಳು ಕರೆಯದಿದ್ದರೆ ಸಂಘ ಇರುತ್ತಿರಲಿಲ್ಲ, ಅದನ್ನು ಕತ್ತರಿಯಕ್ಕ ಯಾವತ್ತೂ ಇಲ್ಲ ಎಂದವಳಲ್ಲ.

ಆ ಚುಕ್ಕಿ ಬಟ್ಟೆಯಲ್ಲಿ ಅಂಗೈಯಷ್ಟು ಉಳಿದಿತ್ತು. ತನ್ನ ಕೌದಿಗೆಂದೇ ಕತ್ತರಿಯಕ್ಕ ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು.

ಒಂದು ಸಂಜೆ ಪಾತ್ರೆ ಒರೆಸುತ್ತಿದ್ದಾಗ ಮಾತಿನಮಲ್ಲಿ ಪಕ್ಕಕ್ಕೆ ಬಂದು ನಿಂತಳು. ಮುಖ ಮಾತ್ರ ಕಿಟಕಿಯ ಕಡೆ.

"ಅಕ್ಕ, ನಿಮ್ಮಮ್ಮನ ಆ ಚುಕ್ಕಿ ಬಟ್ಟೆ ತುಂಡು ಇದೆಯಲ್ಲ, ಅದನ್ನ ಕೊಡು."

ಕತ್ತರಿಯಕ್ಕನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು.

"ಯಾಕೆ ಅಂತ ಕೇಳಬೇಡ," ಅಂದಳು ಮಾತಿನಮಲ್ಲಿ.

ಅವಳು ಕೇಳಲಿಲ್ಲ. ಕೈ ಒರೆಸಿಕೊಂಡು ಹೋಗಿ ಪೆಟ್ಟಿಗೆ ತೆಗೆದು, ಆ ತುಂಡನ್ನು ಇಸ್ತ್ರಿ ಮಾಡಿಯೇ ತಂದುಕೊಟ್ಟಳು.

ಆಮೇಲಿನ ದಿನಗಳಲ್ಲಿ ಅವಳ ಸಡಗರ ನೋಡಬೇಕಿತ್ತು. ಸಂಘ ಈಗ ಬೇಕರಿಯ ಮಹಡಿ ಮೇಲಿನ ಕೋಣೆಯಲ್ಲಿ ಸೇರುತ್ತಿತ್ತು. ಕೆಳಗಿನ ಒಲೆಯಿಂದಾಗಿ ಯಾವಾಗಲೂ ಬೆಚ್ಚಗಿರುವ ಜಾಗ. ಓರಗಿತ್ತಿಯರು ಎಂದಿನಂತೆ ಜೊತೆಯಾಗಿ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರೆ ಸಾಕು, ಒಳಗಿನವರು ದಡಬಡ ಹೊದಿಕೆ ಎಳೆಯುತ್ತಿದ್ದರು. ಕತ್ತರಿಯಕ್ಕ ಗಂಭೀರವಾಗಿ ಗೋಡೆ ನೋಡುತ್ತಿದ್ದಳು. ಬೇಕರಿಯ ಸೊಸೆ, ಸಂಘಕ್ಕೆ ಎಲ್ಲರಿಗಿಂತ ಹೊಸಬಳು, ಒಮ್ಮೆ ಬಂದು, "ಈ ಸಲ ನೀವು ಆರಾಮಾಗಿರಿ ದೊಡ್ಡಕ್ಕ, ಕತ್ತರಿಸೋದು ನಾವೇ ನೋಡ್ಕೋತೀವಿ," ಎಂದಳು. ಹೊದಿಕೆಯ ಕೆಳಗಿಂದ ಇಣುಕಿದ ಒಂದು ಅಂಚು ಹಾವು ಹರಿದ ಹಾಗೆ ಸೊಟ್ಟಸೊಟ್ಟಗಿತ್ತು. ಬೇರೆ ಯಾವಾಗಲಾದರೂ ಆಗಿದ್ದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದಳು. ಈಗ ಆ ಸೊಟ್ಟ ಅಂಚಿನ ಮೇಲೂ ಪ್ರೀತಿ ಉಕ್ಕಿತು. ಪಾಪ, ನನಗೋಸ್ಕರ ಕಷ್ಟಪಡುತ್ತಿದ್ದಾರೆ ಅಂದುಕೊಂಡಳು.

ಅಂಗಡಿಯ ಕನ್ನಡಿಯೆದುರು ನಿಂತು ಎದೆ ಮೇಲೆ ಕೈ ಇಟ್ಟುಕೊಳ್ಳುವುದನ್ನೂ ರೂಢಿ ಮಾಡಿಕೊಂಡಳು. ಒಮ್ಮೆ ನಗು ಹೆಚ್ಚಾಯಿತು, ಒಮ್ಮೆ ಹಲ್ಲುನೋವು ಬಂದವಳ ಹಾಗೆ ಕಂಡಿತು. ಬಟ್ಟೆ ಕೊಡಲು ಬಂದ ಗಿರಾಕಿಯೊಬ್ಬಳು ಹುಷಾರಿಲ್ಲವೇ ಎಂದು ವಿಚಾರಿಸಿದಳು.

ಸಂಘದ ವಾರ್ಷಿಕೋತ್ಸವದ ದಿನ ವಾಚನಾಲಯದ ಸಭಾಂಗಣ ಹಿಡಿದಿದ್ದರು. ಹಳೆಯ ಕೌದಿಗಳನ್ನು ಗೋಡೆಯುದ್ದಕ್ಕೂ ತೂಗುಹಾಕಿದ್ದರು. ಮುಂದಿನ ಮೇಜಿನ ಮೇಲೆ ಹೊದಿಕೆಯ ಕೆಳಗೆ ಹೊಸ ಕೌದಿ. ಸಂಘದ ಚರಿತ್ರೆ ಹೇಳುವ ಕೆಲಸ ಬೇಕರಿಯ ಸೊಸೆಯದು. ಕತ್ತರಿಯಕ್ಕ ಮೊದಲ ಸಾಲಿನಲ್ಲಿ ಕೂತು ಕಿವಿಯೆಲ್ಲ ತೆರೆದು ಕೇಳಿದಳು.

"ಒಂದು ಚಳಿಗಾಲ," ಎಂದು ಶುರುಮಾಡಿದಳು ಹುಡುಗಿ, "ಒಂದು ಕೂಸು ಚಳಿಗೆ ನಡುಗ್ತಿತ್ತು. ಆಗ ಒಬ್ಬ ಹೆಣ್ಣುಮಗಳು ತೀರಿಹೋದ ತನ್ನ ತಾಯಿಯ ಬಟ್ಟೇನ ಕತ್ತರಿಸಿ ಕೌದಿ ಹೊಲಿದ್ರು. ನಮ್ಮ ಸಂಘದ ಮೊದಲನೇ ಕೌದಿ ಅದು. ಆ ಬಟ್ಟೆಯ ಕೊನೇ ತುಂಡನ್ನ ಅವರು ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ರು."

ಕತ್ತರಿಯಕ್ಕನ ಕಣ್ಣು ತುಂಬಿತು. ರೂಢಿ ಮಾಡಿಕೊಂಡ ಮುಖ ಮರೆತೇ ಹೋಯಿತು, ಬೇಕಾಗಿಯೂ ಇರಲಿಲ್ಲ. ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು.

"ಬನ್ನಿ ಅಕ್ಕ," ಎಂದು ಹುಡುಗಿ ಕೈ ಚಾಚಿದ್ದು ಮಾತಿನಮಲ್ಲಿಯ ಕಡೆಗೆ. "ಇವರೇ ನಮಗೆ ಎಷ್ಟೋ ಸಲ ಹೇಳಿರೋ ಕಥೆ ಇದು. ನಿಮ್ಮಮ್ಮನ ಆ ಬಟ್ಟೆ ಉಳಿದಿದ್ರೆ ಕೊಡಿ ಅಂತ ನಾವೇ ದುಂಬಾಲು ಬಿದ್ವಿ. ಒಂದು ಕೌದಿ ಮೊದಲೇ ಕೊಟ್ಟಿದ್ವಿ, ಇದು ಸಂಘ ಕಟ್ಟಿದ್ದಕ್ಕೆ. ಒಂದೇ ಮನೇಲಿರೋರು, ಬಾಯಿತಪ್ಪಿ ಹೇಳಿಬಿಟ್ರೆ ಕಷ್ಟ ಅಂತ ದೊಡ್ಡಕ್ಕಂಗೂ ಹೇಳಿರಲಿಲ್ಲ."

ಚಪ್ಪಾಳೆ. ಅರ್ಧ ಎದ್ದವಳು ಏನು ಮಾಡಬೇಕು? ಕತ್ತರಿಯಕ್ಕ ಪೂರ್ತಿ ಎದ್ದು, ಹೋಗಿ ಕಿಟಕಿ ಮುಚ್ಚಿದಳು. ಚಳಿಯಾಗಿ ಎದ್ದಳೆಂದು ಹಿಂದಿನವರು ಅಂದುಕೊಂಡರು. ಅವಳು ಚಿಲಕ ಹಾಕುತ್ತ ಒಳಗೊಳಗೇ ಲೆಕ್ಕ ಹಾಕಿದಳು. ಕಥೆ ಕದ್ದದ್ದು ಹೋಗಲಿ. ನಾಲಿಗೆ ಉದ್ದ ಇದ್ದವರು ಹೇಳುತ್ತ ಹೇಳುತ್ತ ತಮ್ಮದೇ ಅಂದುಕೊಂಡುಬಿಡುತ್ತಾರೆ. ಆದರೆ ಆ ಮಾತು? ಆ ಮಾತನ್ನು ಆಡುವಾಗ ಇವಳಿಗೆ ಗೊತ್ತಿತ್ತು, ನಾನೇನು ತಿಳಿಯುತ್ತೇನೆಂದು. ಗೊತ್ತಿದ್ದೇ ಆಡಿದಳು. ಅಷ್ಟೂ ದಿನ ಪಕ್ಕದಲ್ಲೇ ಮೆಟ್ಟಿಲು ಹತ್ತುತ್ತ, ನಾನು ಗೋಡೆ ನೋಡುವುದನ್ನು ನೋಡುತ್ತ ಸುಮ್ಮನಿದ್ದಳು.

"ಕೊನೇ ಗಂಟು ದೊಡ್ಡಕ್ಕನೇ ಹಾಕಬೇಕು," ಎಂದು ಯಾರೋ ಸೂಜಿ ತಂದು ಕೈಗಿತ್ತರು.

ಮಾತಿನಮಲ್ಲಿ ಕುರ್ಚಿಯಲ್ಲಿ ಕೂತಿದ್ದಳು, ಕೌದಿ ಮಡಿಲ ಮೇಲೆ. ನಟ್ಟನಡುವೆ ಚುಕ್ಕಿ ಬಟ್ಟೆ. ಕತ್ತರಿಯಕ್ಕ ಅವಳ ಮುಂದೆ ಬಗ್ಗಿದಳು.

"ಇದು ನಮ್ಮಮ್ಮಂದು."

"ಗೊತ್ತು ಕಣಕ್ಕ. ಜನ ನೋಡ್ತಿದಾರೆ. ಗಂಟು ಹಾಕಿಬಿಡು, ಮನೇಲಿ ಮಾತಾಡೋಣ."

"ಯಾಕೆ ಅಂತ ಕೇಳಬೇಡ ಅಂದ್ಯಲ್ಲೇ ನನಗೆ."

ಮಾತಿನಮಲ್ಲಿ ತಲೆ ಎತ್ತಲಿಲ್ಲ. "ಬೇರೆ ಹೇಗೆ ಕೇಳಿದ್ರೂ ನೀನು ಕೊಡ್ತಿರ್ಲಿಲ್ಲ."

ಕೊಡುತ್ತಿದ್ದಳು. ಎಲ್ಲರೆದುರು ಸಿಕ್ಕಿಬಿದ್ದಿದ್ದೀನಿ ಅಕ್ಕ, ಮರ್ಯಾದೆ ಉಳಿಸು ಅಂದಿದ್ದರೆ ಬೈದುಕೊಂಡಾದರೂ ಕೊಡುತ್ತಿದ್ದಳು. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದವಳಿಗೆ ಅಷ್ಟೂ ತಿಳಿಯಲಿಲ್ಲವೇ ಎಂಬುದೇ ಅವಳಿಗೆ ತಡೆಯಲಾಗದ ಸಂಕಟ.

ಸೂಜಿಯನ್ನು ಮೇಜಿನ ಮೇಲಿಟ್ಟು ಕೊರಳ ಕತ್ತರಿಯನ್ನು ಕೈಗೆ ತೆಗೆದುಕೊಂಡಳು. ಚುಕ್ಕಿ ತುಂಡಿನ ಅಂಚಿನ ಹೊಲಿಗೆಗಳನ್ನು ಒಂದೊಂದಾಗಿ, ಬಟ್ಟೆಗೆ ಗೀರೂ ಆಗದಂತೆ ಬಿಡಿಸತೊಡಗಿದಳು. "ಅಕ್ಕ, ಬೇಡ," ಎಂದು ಮಾತಿನಮಲ್ಲಿ ಅವಳ ಮಣಿಕಟ್ಟು ಹಿಡಿದಳು, ಆಮೇಲೆ ತಾನಾಗಿ ಬಿಟ್ಟಳು. ಇದೂ ಪದ್ಧತಿಯೇ ಇರಬೇಕೆಂದು ಹೊಸಬರು ಭಕ್ತಿಯಿಂದ ನೋಡಿದರು. ಹಳಬರು ಮಾತ್ರ ಮುಖ ಮುಖ ನೋಡಿಕೊಂಡರು. ತುಂಡು ಬಿಟ್ಟುಬಂತು. ಅದರ ಜಾಗದಲ್ಲಿ ಒಳಪದರದ ಬಿಳಿ ಕಂಡಿತು. ಕತ್ತರಿಯಕ್ಕ ತುಂಡನ್ನು ಮಡಚಿ ಕನ್ನಡಕದ ಡಬ್ಬಿಗೆ ಹಾಕಿಕೊಂಡಳು. ನಂತರ ಸೂಜಿ ಎತ್ತಿಕೊಂಡು, ಸಂಘದ ನಿಯಮದಂತೆ ಕೊನೆಯ ಗಂಟನ್ನು ಭದ್ರವಾಗಿ ಹಾಕಿದಳು.

"ಆಯ್ತು," ಎಂದಳು. "ಈಗ ಇದು ನಿನ್ನದು."

ಅಷ್ಟರಲ್ಲಿ ಫೋಟೋದವನು ಬಂದು ಎಲ್ಲರನ್ನೂ ಹತ್ತಿರ ನಿಲ್ಲಿಸಿದ. ಫೋಟೋ ತೆಗೆದು ಮುಗಿಯುವವರೆಗೂ ಮಾತಿನಮಲ್ಲಿ ಆ ಬಿಳಿ ಜಾಗದ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದಳು.