ಪ್ರಾಜಕ್ತಾಳ ಎದೆಯ ಸಪ್ಪಳ

ಶಾಲೆಯಿಂದ ಬಂದ ಪ್ರಾಜಕ್ತಾಳ ಕೊರಳು ಬರಿದಾಗಿತ್ತು. ಅವಳ ತಾಯಿ ನಂದಾ ಅದನ್ನು ಗಮನಿಸಿ, ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು.

"ತಾಯತ ಎಲ್ಲೈತಿ?"

"ಕಂಪಾಸ್ ಪೆಟಗ್ಯಾಗ ಐತಿ. ನಮ್ಮ ಎಸ್ತೇರ್ ಬಾಯಾರು ಅದನ್ನ ಬಿಚ್ಚು ಅಂದ್ರು. ನನ್ನ ಎದಿಗೆ ಲಾಳಿಕಿ ಹಚ್ಚಿ ಕೇಳಿದ್ರು. ಆಮ್ಯಾಲೆ ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಾ ಮಾಡಿದ್ರು."

ಎಸ್ತೇರ್ ಬಾಯಿ ಜತ್ತ ಪಟ್ಟಣದ ಕ್ರಿಶ್ಚಿಯನ್ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಶಿಕ್ಷಕಿ. ಕನ್ನಡದಲ್ಲಿ ಚೆನ್ನಾಗಿ ಕಲಿಸುತ್ತಾರೆಂದು ನಂದಾಳೇ ಹಟ ಹಿಡಿದು ಮಗಳನ್ನು ತಮ್ಮೂರು ಯಳವಿಯಿಂದ ಅಲ್ಲಿಗೆ ಕಳಿಸುತ್ತಿದ್ದಳು. ಅವಳ ಗಂಡ ಅಮೋಗಸಿದ್ದ ಕುರಿಗಳ ಹಿಂದೆ ಊರೂರು ತಿರುಗುವವನು, ಅವನು ಬೇಡವೆಂದಿರಲಿಲ್ಲ. ಅತ್ತೆ ದುಂಡವ್ವ ಮಾತ್ರ ಒಪ್ಪಿರಲಿಲ್ಲ.

"ನಾ ಅವತ್ತ ಹೇಳಿದ್ದೆ," ಎಂದಳು ದುಂಡವ್ವ. "ಮೊದಲ ತಾಯತ ಬಿಚ್ಚಸ್ತಾರ. ಆಮ್ಯಾಲೆ ಹೆಸರ ಬದ್ಲಿ ಮಾಡ್ತಾರ."

ಪ್ರಾಜಕ್ತಾಳಿಗೆ ಸ್ವಲ್ಪ ಓಡಿದರೂ ಏದುಸಿರು ಬರುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಬೀರಪ್ಪನ ಪೂಜಾರಿಯಿಂದ ಕಟ್ಟಿಸಿದ್ದ ತಾಯತ ಅದು. ನಂದಾ ಮಗಳ ಪಾಟಿಚೀಲವನ್ನು ಚಾಪೆಯ ಮೇಲೆ ಸುರಿದಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ತಾಯತ ಸಿಕ್ಕಿತು; ಶಿಲುಬೆ, ಮಂತ್ರದ ನೀರು ಏನೂ ಸಿಗಲಿಲ್ಲ. ಏನೂ ಸಿಗದಿದ್ದುದೇ ಅವಳ ಸಂಶಯವನ್ನು ಹೆಚ್ಚಿಸಿತು.

ಮರುದಿನ ಮಗಳ ಜೊತೆ ತಾನೂ ಎಸ್ಟಿ ಬಸ್ಸು ಹತ್ತಿದಳು. "ಪಾಠ ನೋಡಾಕ ಬಂದೀನ್ರಿ," ಎಂದಷ್ಟೇ ಹೇಳಿದಳು.

"ಬರ್ರಿ ಅಕ್ಕಾರ, ಕುಂದ್ರಿ," ಎಂದು ಎಸ್ತೇರ್ ಬಾಯಿ ಹಿಂದಿನ ಬೆಂಚು ತೋರಿಸಿದರು. ಇಷ್ಟು ಸಲೀಸಾಗಿ ಒಳಗೆ ಬಿಟ್ಟರಲ್ಲ, ಮೊದಲೇ ಎಲ್ಲ ಬಚ್ಚಿಟ್ಟಿರಬೇಕು ಎಂದುಕೊಂಡಳು ನಂದಾ.

ಗೋಡೆಯ ಮೇಲೆ ಶಿಲುಬೆಯಿತ್ತು. ಅದರ ಪಕ್ಕದಲ್ಲಿ ಚರ್ಮವಿಲ್ಲದ ಮನುಷ್ಯನ ಚಿತ್ರ, ಕೆಂಪು ನೀಲಿ ನರಗಳೊಂದಿಗೆ. ಮಕ್ಕಳು ಎಣ್ಣೆ ಸುರಿಯುವ ಲಾಳಿಕೆಗೆ ರಬ್ಬರಿನ ನಳಿಕೆ ಸಿಕ್ಕಿಸಿ ಒಬ್ಬರೆದೆಯ ಸಪ್ಪಳ ಒಬ್ಬರು ಕೇಳುತ್ತಿದ್ದರು. "ಈ ಶರೀರ ದೇವರು ಕೊಟ್ಟದ್ದು. ಒಳಗ ಏನೈತಿ ಅಂತ ತಿಳಕೊಂಡ್ರ ಜ್ವಾಕಿ ಮಾಡಾಕ ಬರ್ತೈತಿ," ಎಂದರು ಬಾಯಿ. ನಂದಾ ಪಾಠ ಕೇಳಲಿಲ್ಲ. ಅವರ ಕೈಗಳನ್ನೇ ನೋಡುತ್ತಿದ್ದಳು.

ಗಂಟೆಯಾಗಿ ಮಕ್ಕಳು ಹೊರಗೆ ಹೋದ ಮೇಲೆ ಕೇಳಿಯೇ ಬಿಟ್ಟಳು. "ತಾಯತ ಯಾಕ ಬಿಚ್ಚಿಸಿದ್ರಿ?"

"ಅದು ಲಾಳಿಕಿಗೆ ತಾಗಿ ಸಪ್ಪಳ ಮಾಡ್ತಿತ್ತರಿ. ತಿರುಗಿ ಕಟ್ಕೋ ಅಂದಿದ್ದೆ, ಮರತಾಳ. ನಿಮ್ಮನ್ನ ನಾನ ಕರಸಾಕಿ ಇದ್ದೆ," ಎಂದು ಬಾಯಿ ತಡವರಿಸಿದರು. "ಹುಡುಗಿ ಎದಿ ಸಪ್ಪಳ ಬ್ಯಾರೆ ಐತಿ."

"ಪ್ರಾರ್ಥನಾ?"

"ಮಾಡೀನ್ರಿ. ಅಂಜಿಕಿ ಬಂತು, ಮಾಡಿದೆ. ನಿಮಗ ಕೇಳಬೇಕಿತ್ತು."

ಬಾಯಿ ಪ್ರಾಜಕ್ತಾಳನ್ನೂ ಅವಳ ಗೆಳತಿಯನ್ನೂ ಒಳಗೆ ಕರೆದರು. ನಂದಾ ನಳಿಕೆಯನ್ನು ಕಿವಿಗಿಟ್ಟುಕೊಂಡಳು. ಗೆಳತಿಯ ಎದೆ ಲಬ್ ಡಬ್ ಎಂದು ಬಡಿಯಿತು. ಮಗಳ ಎದೆಯಲ್ಲಿ ಆ ಎರಡು ಬಡಿತಗಳ ನಡುವೆ ಬುಸ್ ಎಂಬ ಸದ್ದು, ಸೈಕಲ್ಲಿನ ಟ್ಯೂಬಿನಿಂದ ಗಾಳಿ ಸೋರಿದಂತೆ.

"ಇದು ನಿಮ್ಮ ಪ್ರಾರ್ಥನಾದಿಂದ ಆಗೈತೇನು?" ಎಂದಳು ನಂದಾ.

ಎಸ್ತೇರ್ ಬಾಯಿಯ ಮುಖ ಸಣ್ಣದಾಯಿತು. "ಅಲ್ರಿ. ನಿಮಗ ಎಲ್ಲಿ ವಿಶ್ವಾಸ ಐತಿ ಅಲ್ಲಿ ತೋರಸ್ರಿ. ಲಗೂನ ತೋರಸ್ರಿ."

ಬಾಯಿ ಯಾವ ದವಾಖಾನೆಯ ಹೆಸರನ್ನೂ ಹೇಳಲಿಲ್ಲ. ಅದೂ ಒಂದು ಉಪಾಯವಿರಬಹುದು ಎನಿಸಿತು ನಂದಾಳಿಗೆ. ಮಗಳನ್ನು ಕರೆದುಕೊಂಡು ಅಲ್ಲಿಂದ ನೇರ ಸರ್ಕಾರಿ ದವಾಖಾನೆಗೆ ನಡೆದಳು. ಶಾಲೆಯ ಸುದ್ದಿ ಎತ್ತದೆ, ಹುಡುಗಿಗೆ ಏದುಸಿರು ಬರುತ್ತದೆ ಎಂದಷ್ಟೇ ಹೇಳಿದಳು. ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳಿದರು, ಬೆನ್ನಿಗಿಟ್ಟು ಮತ್ತೆ ಕೇಳಿದರು.

"ಹೃದಯದಾಗ ತೂತ ಐತಿ ಅನಸ್ತೈತಿ. ಸಾಂಗ್ಲಿ ದೊಡ್ಡ ದವಾಖಾನಿಗೆ ಒಯ್ಯಬೇಕು. ಇಷ್ಟ ದಿನ ಯಾರೂ ಹೇಳಲಿಲ್ಲೇನು?"

ನಂದಾ ಬಾಗಿಲ ಕಡೆ ನೋಡಿದಳು. "ಸಾಲ್ಯಾಗ ಹೇಳಿದ್ರು," ಎಂದಳು.

ಅಮೋಗಸಿದ್ದ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದ. ಸಾಂಗ್ಲಿಯಲ್ಲಿ ತೊಡೆಯ ರಕ್ತನಾಳದೊಳಗಿಂದ ಸಣ್ಣ ಬಿಲ್ಲೆಯೊಂದನ್ನು ಕಳಿಸಿ ತೂತು ಮುಚ್ಚಿದರು. ದೀಪಾವಳಿಯ ರಜೆ ಮುಗಿದು ಪ್ರಾಜಕ್ತಾ ಮತ್ತೆ ಶಾಲೆಗೆ ಹೊರಟಾಗ ನಂದಾಳೂ ಜೊತೆಗೆ ಬಂದಳು.

"ಬಾಯಾರ, ಇನ್ನ ಮುಂದ ನನಗ ಕೇಳದ ಆಕಿ ತಲಿ ಮ್ಯಾಲೆ ಕೈ ಇಡಬ್ಯಾಡ್ರಿ."

"ಇಡೂದಿಲ್ರಿ."

ಹೇಳಬೇಕಾದದ್ದು ಮುಗಿದಿತ್ತು. ಆದರೂ ನಂದಾ ಹೋಗಲಿಲ್ಲ. ಸೆರಗಿನ ತುದಿ ಹಿಂಡುತ್ತ ನಿಂತಳು.

"ಈಕಿಗಿಂತ ಮೊದಲ ನನಗೊಂದು ಗಂಡ ಕೂಸು ಆಗಿತ್ತರಿ. ಮೊಲಿ ಕುಡಿಯೂ ಮುಂದ ಬೆವರತಿತ್ತು, ನೀಲಿ ಆಗತಿತ್ತು. ಹೋತು. ನನ್ನ ಕಾಲ್ಗುಣ ಅಂದ್ರು ಎಲ್ಲಾರೂ. ಅದರ ಎದ್ಯಾಗೂ ತೂತ ಇತ್ತೇನ್ರಿ?"

ಬಾಯಿ ಕೈಯಲ್ಲಿದ್ದ ಪುಸ್ತಕ ಮೇಜಿನ ಮೇಲಿಟ್ಟರು. ಇವರು ಈಗ ದೇವರ ಮಾತು ತೆಗೆಯುತ್ತಾರೆ ಎಂದು ನಂದಾ ಕಾದಳು.

"ಇದ್ದಿರಬಹುದು. ಖರೇ ಅಂದ್ರ ನನಗ ಗೊತ್ತಿಲ್ರಿ. ಆದ್ರ ನಿಮ್ಮ ಕಾಲ್ಗುಣ ಅಂತೂ ಅಲ್ಲ."

ನಂದಾ ತಲೆಯಾಡಿಸಿದಳು. ಆ ಹೆಂಗಸಿನ ಒಂದು ಮಾತನ್ನು ಅವಳು ಪೂರ್ತಿ ನಂಬಿದ್ದು ಅದೇ ಮೊದಲು. ಈ ಸಲ ಪಾಠ ಕೇಳಲು ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಅಂದು ಶ್ವಾಸಕೋಶದ ಪಾಠವಿತ್ತು.